ತೋಟದಲ್ಲಿ ಹಾಕುವ ಸಣ್ಣ ಟೆಂಟ್ ಕ್ಯಾಂಪ್‌ಗಳಿಗೆ ಪಂಚಾಯ್ತಿ ಮಟ್ಟದಲ್ಲಿ ಎಂಥ ನಿಯಮ ತರಬಹುದು?

ಚಾರ್ಮಾಡಿ ಮಳೆ ಕೇಳಿದ್ದು:

ಮೂಡಿಗೆರೆ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಹೋಂಸ್ಟೇಗಳ ಜೊತೆಗೆ ಈಗ ಟೆಂಟ್ ಕ್ಯಾಂಪ್‌ಗಳೂ ಶುರುವಾಗಿವೆ. ದೊಡ್ಡ ರೆಸಾರ್ಟ್‌ಗಳ ಮಾತಲ್ಲ ಇದು. ಮೂರ್ನಾಲ್ಕು ಎಕರೆ ಕಾಫಿಯೋ ಅಡಿಕೆಯೋ ಇರುವವರು ಕಣದಲ್ಲಿ ಅಥವಾ ಕೊಯ್ಲಾದ ಗದ್ದೆಯಲ್ಲಿ ಐದಾರು ಟೆಂಟ್ ಹಾಕಿ, ಶನಿವಾರ ರಾತ್ರಿಗೆ ಬೆಂಗಳೂರು, ಮಂಗಳೂರಿನ ಜನರನ್ನು ಕರೆಸುತ್ತಾರೆ. ಅಕ್ಟೋಬರಿನಿಂದ ಮೇ ತನಕ ಇದು ನಡೆಯುತ್ತದೆ. ಕಾಫಿ ರೇಟು, ಅಡಿಕೆ ಕೊಳೆ ರೋಗ ಎರಡನ್ನೂ ನೋಡಿದವರಿಗೆ ಈ ಆದಾಯ ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಪೂರ್ತಿ ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ.

ಆದರೆ ದೂರುಗಳು ಬರುತ್ತಿವೆ. ಮೇಲಿನ ತೋಟದ ಗಲೀಜು ಕೆಳಗಿನ ಮನೆಯ ಅಬ್ಬಿ ನೀರಿಗೆ (ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ಕುಡಿಯುವ ನೀರಿಗೆ) ಸೇರುತ್ತಿದೆ ಎನ್ನುವುದೊಂದು. ರಾತ್ರಿ ಒಂದು ಗಂಟೆಯ ತನಕ ಸ್ಪೀಕರ್ ಹಾಕುತ್ತಾರೆ ಎನ್ನುವುದು ಇನ್ನೊಂದು. ಬೇಸಿಗೆಯಲ್ಲಿ ಕ್ಯಾಂಪ್‌ಫೈರ್ ಹಾಕಿದರೆ ಪಕ್ಕದ ತೋಟದವರಿಗೆ ನಿದ್ದೆ ಇಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಬೇಕೆಂದಿದ್ದೇವೆ. ತಿಳಿದವರು ಇಷ್ಟಕ್ಕೆ ಉತ್ತರ ಕೊಡಿ: ಟೆಂಟಿಗೆ ಭೂ ಪರಿವರ್ತನೆ ಬೇಕೇ? ಪಂಚಾಯ್ತಿಯ ಕೈಯಲ್ಲಿ ನಿಜಕ್ಕೂ ಏನಿದೆ? ಯಾವ ಷರತ್ತುಗಳನ್ನು ಹಾಕಿದರೆ ಸಣ್ಣ ರೈತರಿಗೆ ಹೊರೆಯಾಗದೆ ನೆರೆಹೊರೆಗೂ ತೊಂದರೆ ತಪ್ಪುತ್ತದೆ?

ಪಹಣಿ ಉತ್ತರ:

ಮೊದಲು ಕಂದಾಯದ ಕಡೆಯಿಂದ ನೋಡೋಣ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಕೇಳುವುದು ಕಟ್ಟಡ ಇದೆಯೋ ಇಲ್ಲವೋ ಎಂದಲ್ಲ, ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುತ್ತಿದ್ದೀರೋ ಎಂದು. 'ಟೆಂಟಿಗೆ ಪಾಯ ಇಲ್ಲ, ಹಾಗಾಗಿ ಅಲಿನೇಷನ್ (ಭೂ ಪರಿವರ್ತನೆ) ಬೇಡ' ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ, ಅದನ್ನು ನಂಬಬೇಡಿ. ದುಡ್ಡು ತೆಗೆದುಕೊಂಡು ಜನರನ್ನು ಮಲಗಿಸುವುದು ಬೇಸಾಯ ಅಲ್ಲ. ದೂರು ಹೋದರೆ ಕಂದಾಯ ಅಧಿಕಾರಿಗಳು 96ನೇ ಕಲಂನಡಿ ನೋಟಿಸ್ ಕೊಡಬಹುದು.

ಹಾಗಂತ ಎಲ್ಲರೂ ಪರಿವರ್ತನೆ ಮಾಡಿಸಿ ಎಂದು ಪಂಚಾಯ್ತಿ ಒತ್ತಾಯ ಮಾಡಿದರೆ ಅದರಿಂದ ಊರಿಗೇ ನಷ್ಟ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪರಿವರ್ತನೆ ಒಮ್ಮೆ ಆಯಿತೆಂದರೆ ಅದು ಶಾಶ್ವತ. ವರ್ಷಕ್ಕೆ ನಲವತ್ತು ಐವತ್ತು ರಾತ್ರಿ ಟೆಂಟ್ ಹಾಕಲು 11ಇ ನಕ್ಷೆ (ಜಮೀನಿನ ಒಂದು ಭಾಗವನ್ನು ಬೇರ್ಪಡಿಸಿ ತೋರಿಸುವ ಸರ್ವೆ ನಕ್ಷೆ) ಮಾಡಿಸಿ ಅರ್ಧ ಎಕರೆಯನ್ನು ವಾಣಿಜ್ಯಕ್ಕೆ ಬದಲಿಸಿದ ಜಾಗ, ನಾಳೆ ಮಾರಾಟವಾದರೆ ಕಾಂಕ್ರೀಟ್ ಕಟ್ಟಡಕ್ಕೆ ಸಿದ್ಧವಾಗಿ ಕೂತಿರುತ್ತದೆ. ಟೆಂಟ್ ತೆಗೆದರೆ ಮರುದಿನ ಅದು ಗದ್ದೆಯೇ, ಪರಿವರ್ತನೆಯಾದ ಗದ್ದೆ ಮಾತ್ರ ಮತ್ತೆ ಗದ್ದೆ ಆಗುವುದಿಲ್ಲ. ಕಾನೂನಿನಲ್ಲಿ ತಾತ್ಕಾಲಿಕ, ಋತುಮಾನದ ಬಳಕೆಗೆ ಒಂದು ಸಣ್ಣ ದಾರಿ ಬೇಕಾಗಿದೆ. ಅದನ್ನು ಮಾಡಬೇಕಾದ್ದು ಸರ್ಕಾರ, ಪಂಚಾಯ್ತಿ ಅಲ್ಲ. ಗ್ರಾಮಸಭೆಯ ನಿರ್ಣಯದಲ್ಲಿ ಆ ಬೇಡಿಕೆಯನ್ನೂ ಸೇರಿಸಿ ಜಿಲ್ಲಾಧಿಕಾರಿಗೆ ಕಳಿಸಿ.

ಹೋಂಸ್ಟೇ ನೋಂದಣಿ ಇದ್ದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ ನಿಂತಿರುವುದು ಮಾಲೀಕರು ವಾಸವಿರುವ ಮನೆ ಮತ್ತು ಅದರ ಕೋಣೆಗಳ ಲೆಕ್ಕದ ಮೇಲೆ. ಮನೆಯಿಂದ ಇನ್ನೂರು ಮೀಟರ್ ದೂರದ ಬಯಲಿನ ಟೆಂಟುಗಳು ಅದರ ನೆರಳಿಗೆ ತಾವಾಗಿಯೇ ಬರುವುದಿಲ್ಲ. ಆದರೂ ನೋಂದಣಿ ಇರುವವರ ಹತ್ತಿರ ಪೊಲೀಸ್ ತಪಾಸಣೆ, ಅತಿಥಿ ರಿಜಿಸ್ಟರ್ ಎಲ್ಲ ಇರುತ್ತದೆ. ಹಾಗಾಗಿ ಟೆಂಟಿಗೆ ಒಪ್ಪಿಗೆ ಕೊಡುವಾಗ ಅಂಥವರಿಗೆ ಆದ್ಯತೆ ಕೊಡುವುದು ಸರಿ.

ಎರಡು ಕಡೆ ಜನ ಕಾಲು ಜಾರುತ್ತಾರೆ. ಒಂದು, ಲೀಸ್. ಬೆಂಗಳೂರಿನ ಯಾವುದೋ ತಂಡ ಬಂದು 'ಜಾಗ ನಿಮ್ಮದು, ಟೆಂಟ್ ನಮ್ಮದು, ವರ್ಷಕ್ಕೆ ಇಷ್ಟು ಕೊಡುತ್ತೇವೆ' ಎಂದು ಕರಾರು ಮಾಡಿಸುತ್ತದೆ. ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಪ್ರಕಾರ 1974ರ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ, ವಿನಾಯಿತಿಗಳು ಬೆರಳೆಣಿಕೆಯಷ್ಟು. ಕಾಫಿಯಂಥ ಪ್ಲಾಂಟೇಶನ್ ಬೆಳೆಗೆ 104ನೇ ಕಲಂನಲ್ಲಿ ಕಾಯ್ದೆಯ ಕೆಲವು ಕಲಂಗಳಿಂದ ವಿನಾಯಿತಿ ಇದೆ, ಗದ್ದೆಗೆ ಅದು ಅನ್ವಯಿಸುವುದಿಲ್ಲ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ ಇನ್ನೂ ಗಂಭೀರ: 1978ರ ಪಿಟಿಸಿಎಲ್ ಕಾಯ್ದೆಯಲ್ಲಿ 'ಪರಭಾರೆ' ಎಂದರೆ ಮಾರಾಟ ಮಾತ್ರವಲ್ಲ, ಲೀಸ್ ಕೂಡ ಅದರಲ್ಲಿ ಸೇರುತ್ತದೆ. ಆದ್ದರಿಂದ ಪಹಣಿಯಲ್ಲಿ ಹೆಸರಿರುವ ಕುಟುಂಬವೇ ಸ್ಥಳದಲ್ಲಿದ್ದು ನಡೆಸಬೇಕು ಎಂಬ ಷರತ್ತನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಇನ್ನೊಂದು, ಗಡಿ. ನೋಟ ಚೆನ್ನಾಗಿರುವ ಗುಡ್ಡದ ನೆತ್ತಿ ಬಹಳ ಸಲ ಹಿಡುವಳಿಯ ಒಳಗೆ ಇರುವುದೇ ಇಲ್ಲ. ಅದು ಗೋಮಾಳ ಅಥವಾ ಅರಣ್ಯ ಆಗಿರುತ್ತದೆ. ಟೆಂಟ್ ಹಾಕುವ ಜಾಗ ತೋಟದ ಅಂಚಿನಲ್ಲಿದ್ದರೆ ಹದ್ದುಬಸ್ತು (ಸರ್ವೆಯವರಿಂದ ಗಡಿ ಗುರುತು) ಮಾಡಿಸಿದ ನಕ್ಷೆ ಕೇಳಿ. ಅಭಯಾರಣ್ಯದ ಪರಿಸರ ಸೂಕ್ಷ್ಮ ವಲಯದೊಳಗೆ ಬಂದರೆ ಆ ವಲಯದ ಅಧಿಸೂಚನೆಯನ್ನೇ ಓದಬೇಕು. ಅನೇಕ ಅಧಿಸೂಚನೆಗಳಲ್ಲಿ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಹೊಸ ಹೋಟೆಲ್, ರೆಸಾರ್ಟ್ ನಿಷೇಧ ಇದ್ದು, ಪರಿಸರ ಪ್ರವಾಸೋದ್ಯಮದ ಸಣ್ಣ ತಾತ್ಕಾಲಿಕ ರಚನೆಗಳಿಗೆ ಮಾತ್ರ ಅವಕಾಶ ಇಟ್ಟಿದ್ದಾರೆ. ಪಶ್ಚಿಮ ಘಟ್ಟದ ಕಸ್ತೂರಿರಂಗನ್ ವರದಿ ಆಧಾರಿತ ಅಧಿಸೂಚನೆ ಬೇರೆಯೇ ವಿಷಯ. 2024ರ ಜುಲೈನಲ್ಲಿ ಬಂದದ್ದು ಆರನೇ ಕರಡು. ಎರಡನ್ನೂ ಒಂದೇ ಎಂದುಕೊಂಡು ಗ್ರಾಮಸಭೆಯಲ್ಲಿ ಗದ್ದಲ ಆಗದಂತೆ ನೋಡಿಕೊಳ್ಳಿ.

ರಿಂಗ್‌ಬಾವಿ ಉತ್ತರ:

ಕಾಗದದ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಶೌಚಾಲಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ದೂರುಗಳಲ್ಲಿ ಜೀವಕ್ಕೆ ಹತ್ತಿರವಾದದ್ದು ಅಬ್ಬಿ ನೀರಿನದು. ನೈರ್ಮಲ್ಯ ಪಂಚಾಯ್ತಿಯ ಸ್ವಂತ ಅಧಿಕಾರದ ವಿಷಯವೂ ಹೌದು, ಇಲ್ಲಿ ನೀವು ಯಾರನ್ನೂ ಕೇಳಬೇಕಾಗಿಲ್ಲ.

ನಮ್ಮ ಕಡೆ ಸಾಮಾನ್ಯವಾಗಿ ಆಗುವುದು ಇದು: ಮೂರಡಿ ಸಿಮೆಂಟ್ ರಿಂಗ್ ನಾಲ್ಕು ಇಳಿಸಿ, ಮೇಲೆ ಮುಚ್ಚಳ ಹಾಕಿ, 'ಸೆಪ್ಟಿಕ್ ಟ್ಯಾಂಕ್' ಎನ್ನುತ್ತಾರೆ. ತಳ ಇಲ್ಲದ ರಿಂಗ್ ಸೆಪ್ಟಿಕ್ ಟ್ಯಾಂಕ್ ಅಲ್ಲ, ಅದು ಇಂಗುಗುಂಡಿ. ಐದಾರು ಜನರ ಮನೆಗೆ ಬೇಸಿಗೆಯಲ್ಲಿ ಅದು ಸಾಕು. ಇಪ್ಪತ್ತು ಜನ ಬಂದು ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಎಲ್ಲರೂ ಬಳಸಿದರೆ, ಎರಡು ತಾಸಿನಲ್ಲಿ ಸಾವಿರ ಲೀಟರಿನಷ್ಟು ನೀರು ಒಮ್ಮೆಲೇ ನುಗ್ಗುತ್ತದೆ. ಘನ ಪದಾರ್ಥ ತಳ ಸೇರಲು ಸಮಯವೇ ಸಿಗದೆ ನೀರಿನ ಜೊತೆ ಹೊರಬರುತ್ತದೆ, ಮಣ್ಣಿನ ರಂಧ್ರ ಕಟ್ಟುತ್ತದೆ. ಮುಂದಿನ ಜುಲೈನಲ್ಲಿ ಅಂತರ್ಜಲ ಮೇಲೆ ಬಂದಾಗ ಅದೇ ಗುಂಡಿ ಉಕ್ಕಿ ಹಳ್ಳಕ್ಕೆ ಹರಿಯುತ್ತದೆ. ಕ್ಯಾಂಪ್ ನಡೆದದ್ದು ಡಿಸೆಂಬರಿನಲ್ಲಿ, ನೀರು ಕೆಟ್ಟದ್ದು ಜುಲೈನಲ್ಲಿ. ಆದ್ದರಿಂದ ಮಾಲೀಕರು 'ನಮ್ಮದಲ್ಲ' ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ಸೆಪ್ಟಿಕ್ ಟ್ಯಾಂಕಿನ ಅಳತೆ ಊಹೆ ಮಾಡಬೇಕಿಲ್ಲ, ಭಾರತೀಯ ಮಾನದಂಡ ಐಎಸ್ 2470ರಲ್ಲಿ ಇದೆ. ಹತ್ತು ಜನಕ್ಕೆ ಒಳ ಅಳತೆ 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, ನೀರಿನ ಆಳ 1 ಮೀಟರ್. ಇಪ್ಪತ್ತು ಜನಕ್ಕೆ 2.3 ಮೀಟರ್ ಉದ್ದ, 1.1 ಮೀಟರ್ ಅಗಲ, 1.3 ಮೀಟರ್ ಆಳ. ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸುವ ಲೆಕ್ಕ ಇದು. ನೀರಿನ ಮಟ್ಟದ ಮೇಲೆ ಒಂದಡಿ ಖಾಲಿ ಬಿಡಬೇಕು. ತಳ ಹಾಗೂ ಗೋಡೆ ನೀರು ಬಿಡದಂತೆ ಪ್ಲಾಸ್ಟರ್ ಆಗಿರಬೇಕು. ಒಳಬರುವ, ಹೊರಹೋಗುವ ಎರಡೂ ಪೈಪಿಗೆ ಟಿ (ಟಿ ಆಕಾರದ ಪೈಪ್ ತುಂಡು) ಹಾಕಿ ಬಾಯನ್ನು ನೀರಿನೊಳಗೆ ಇಳಿಸಬೇಕು. ಆ ಟಿ ಇಲ್ಲದ ಟ್ಯಾಂಕ್‌ಗಳೇ ಜಾಸ್ತಿ. ಇಲ್ಲದಿದ್ದರೆ ಮೇಲೆ ತೇಲುವ ಕೆನೆ ನೇರ ಇಂಗುಗುಂಡಿಗೆ ಹೋಗಿ ಕಟ್ಟಿಕೊಳ್ಳುತ್ತದೆ.

ಟ್ಯಾಂಕಿನಿಂದ ಹೊರಬಂದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಟ್ಯಾಂಕಿಗಿಂತ ಮುಖ್ಯ. ಇಂಗುಗುಂಡಿ ತೋಡುವ ಜಾಗದಲ್ಲಿ ಒಂದಡಿ ಗುಳಿ ತೆಗೆದು, ಹಿಂದಿನ ದಿನವೇ ನೀರು ತುಂಬಿ ಮಣ್ಣು ನೆನೆಯಲು ಬಿಡಿ. ಮರುದಿನ ಮತ್ತೆ ನೀರು ಹಾಕಿ, ಒಂದು ಇಂಚು ಇಳಿಯಲು ಎಷ್ಟು ಹೊತ್ತು ಬೇಕು ನೋಡಿ. ಅರ್ಧ ಗಂಟೆ ದಾಟಿದರೆ ಅಲ್ಲಿ ಇಂಗುಗುಂಡಿಯನ್ನು ನೆಚ್ಚಬೇಡಿ, ಬೇರೆ ಜಾಗ ನೋಡಿ. ಗದ್ದೆಯ ಜೇಡಿಯಲ್ಲಿ ಈ ಪರೀಕ್ಷೆ ಪಾಸಾಗುವುದು ಅಪರೂಪ. ಹಾಗಾಗಿ ಟೆಂಟ್ ಗದ್ದೆಯಲ್ಲಿದ್ದರೂ ಶೌಚಾಲಯ ಮೇಲಿನ ದಿಣ್ಣೆಯಲ್ಲಿ ಇರಬೇಕಾಗುತ್ತದೆ. ಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ಕನಿಷ್ಠ ಎರಡು ಮೀಟರ್ ಅಂತರ ಇರಲಿ. ಬಾವಿಯಿಂದ ಇಷ್ಟು ಮೀಟರ್ ಎಂಬ ಅಳತೆ ಸಮತಟ್ಟು ನೆಲಕ್ಕೆ ಸರಿ. ಇಳಿಜಾರಿನಲ್ಲಿ ಒರತೆ, ಅಬ್ಬಿ ಪೈಪಿನ ಬಾಯಿ ಇವುಗಳ ಮೇಲ್ಭಾಗದಲ್ಲಿ ಗುಂಡಿ ಬೇಡವೇ ಬೇಡ, ಮೂವತ್ತು ಮೀಟರ್ ದೂರ ಇದ್ದರೂ ಬೇಡ. ನಿರ್ಣಯದಲ್ಲಿ ಇದನ್ನು ಮೀಟರಿನಲ್ಲಿ ಬರೆಯುವ ಬದಲು 'ಕುಡಿಯುವ ನೀರಿನ ಮೂಲದ ಮೇಲ್ಗಡೆ ಇಲ್ಲ' ಎಂದೇ ಬರೆಯಿರಿ.

ಎಂಟು ಹತ್ತು ಜನಕ್ಕೆ ಒಂದು ಕಕ್ಕಸು, ಗಂಡಸರಿಗೆ ಬೇರೆ ಮೂತ್ರಾಲಯ ಇದ್ದರೆ ಟ್ಯಾಂಕಿನ ಮೇಲಿನ ಹೊರೆ ಬಹಳ ಕಡಿಮೆಯಾಗುತ್ತದೆ. ಸ್ನಾನದ ನೀರನ್ನು ಟ್ಯಾಂಕಿಗೆ ಬಿಡಬೇಡಿ, ಬಾಳೆಯ ಬುಡಕ್ಕೆ ಜಲ್ಲಿ ತುಂಬಿದ ಚರಂಡಿಯಲ್ಲಿ ಬಿಡಿ. ತೊಳೆಯಲು ಆ್ಯಸಿಡ್, ಫಿನೈಲ್ ಸುರಿಯುವುದು ನಿಲ್ಲಲಿ. ಟ್ಯಾಂಕಿನಲ್ಲಿ ಕೆಲಸ ಮಾಡುವ ಸೂಕ್ಷ್ಮಾಣು ಅದರಿಂದ ಸಾಯುತ್ತದೆ.

ಸೀಸನ್‌ಗೆ ಮುಂಚೆ ಒಂದು ಸಲ, ಮಳೆ ಹಿಡಿದ ಮೇಲೆ ಒಂದು ಸಲ, ಕೆಳಗಿನ ಮನೆಗಳ ನೀರನ್ನು ಪಂಚಾಯ್ತಿಯಲ್ಲಿರುವ ಫೀಲ್ಡ್ ಟೆಸ್ಟ್ ಕಿಟ್‌ನಿಂದ ನೋಡಿ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಕಪ್ಪಾದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಯಾರ ಮೇಲೂ ಹರಿಹಾಯಬೇಕಾಗಿಲ್ಲ.

ಬೆಂಕಿರೇಖೆ ಉತ್ತರ:

ಬೆಂಕಿ, ಆನೆ, ಉಣ್ಣೆ (ರಕ್ತ ಹೀರುವ ಉಣುಗು). ಈ ಮೂರಕ್ಕೂ ತಿಂಗಳಿನ ಲೆಕ್ಕ ಬೇಕು.

ಕ್ಯಾಂಪ್‌ಫೈರ್ ಡಿಸೆಂಬರಿನಲ್ಲಿ ಒಂದು ತರಹ, ಮಾರ್ಚಿನಲ್ಲಿ ಇನ್ನೊಂದು ತರಹ. ಸಿಲ್ವರ್ ಓಕ್ ಎಲೆ ಒಣಗಿದರೆ ಕಾಗದದಂತೆ ಹತ್ತಿಕೊಳ್ಳುತ್ತದೆ, ಗಾಳಿಗೆ ಕಿಡಿ ಹಾರಿದರೆ ಪಕ್ಕದ ತೋಟದ ದರಗು (ಉದುರಿದ ಒಣ ಎಲೆ) ಸಾಕು. ಫೆಬ್ರವರಿ 1ರಿಂದ ಮೊದಲ ಒಳ್ಳೆಯ ಮಳೆ ಬೀಳುವ ತನಕ ನೆಲದ ಮೇಲೆ ಬೆಂಕಿ ಪೂರ್ತಿ ನಿಷೇಧ ಎಂದು ಬರೆಯಿರಿ. ಉಳಿದ ತಿಂಗಳಲ್ಲಿ ಕಾಲಿರುವ ಕಬ್ಬಿಣದ ಬಾಣಲೆಯಲ್ಲಿ ಮಾತ್ರ, ಸುತ್ತ ಮೂರು ಮೀಟರ್ ಮಣ್ಣು ಕಾಣುವಂತೆ ಗುಡಿಸಿ, ಮೇಲೆ ಮರದ ಕೊಂಬೆ ಇಲ್ಲದ ಕಡೆ. ಪಕ್ಕದಲ್ಲಿ ನೀರು ತುಂಬಿದ 200 ಲೀಟರ್ ಡ್ರಮ್, ಎರಡು ಬಕೆಟ್. ಮಲಗುವ ಮುಂಚೆ ನೀರು ಹಾಕಿ ಬೂದಿ ಕಲಸಿ, ಮತ್ತೆ ನೀರು ಹಾಕಬೇಕು. ಮೇಲೆ ಬೂದಿ ತಣ್ಣಗಿದ್ದರೂ ಅಡಿಯಲ್ಲಿ ಕೆಂಡ ಬೆಳಗಿನ ತನಕ ಉಳಿಯುತ್ತದೆ. ಚಳಿ ಎಂದು ಆ ಕೆಂಡವನ್ನು ಟೆಂಟಿನೊಳಗೆ ಒಯ್ಯುವವರಿದ್ದಾರೆ. ಮುಚ್ಚಿದ ಟೆಂಟಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ, ನಿದ್ದೆಯಲ್ಲೇ ಕೊಲ್ಲುತ್ತದೆ. ಇದನ್ನು ಅತಿಥಿಗಳಿಗೆ ಬಾಯಲ್ಲಿ ಹೇಳಲೇಬೇಕು.

ಮರದ ಕೆಳಗೆ ಟೆಂಟ್ ಹಾಕುವಾಗ ಯಾವ ಮರ ಎಂದು ನೋಡಿ. ಹಾಲವಾಣದ ಕೊಂಬೆ ಗಾಳಿಯಿಲ್ಲದೆಯೂ ಮುರಿದು ಬೀಳುತ್ತದೆ. ಹಲಸಿನ ಮರದಡಿ, ಕಾಯಿ ಬಿಡುವ ಕಾಲದಲ್ಲಿ, ಆನೆ ಓಡಾಡುವ ಊರುಗಳಲ್ಲಿ ಖಂಡಿತ ಬೇಡ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ಟೆಂಟ್ ಕ್ಯಾಂಪಿನಲ್ಲಿ ತಂಗಿದ್ದ ಮಹಿಳೆಯೊಬ್ಬರು ಕಾಡಾನೆ ದಾಳಿಯಲ್ಲಿ ತೀರಿಕೊಂಡರು. ಕಾಡಂಚಿನ ಟೆಂಟುಗಳ ಬಗ್ಗೆ ಅಲ್ಲಿನ ಆಡಳಿತ ಎಚ್ಚೆತ್ತದ್ದು ಆಮೇಲೆ. ಅಕ್ಕಿ, ಉಪ್ಪು, ಬಾಳೆಹಣ್ಣು ಟೆಂಟಿನೊಳಗೆ ಇಡಬಾರದು, ಆನೆಯ ಮೂಗಿಗೆ ಬಟ್ಟೆಯ ಗೋಡೆ ಲೆಕ್ಕಕ್ಕಿಲ್ಲ. ಟೆಂಟಿನಿಂದ ಶೌಚಾಲಯದ ತನಕ ದಾರಿಗೆ ದೀಪ ಇರಲಿ, ಮತ್ತು ಓಡಿ ಸೇರಿಕೊಳ್ಳಲು ಒಂದು ಗಟ್ಟಿ ಕಟ್ಟಡ ನೂರು ಮೀಟರ್ ಒಳಗೆ ಇರಲಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ (ಇಟಿಎಫ್) ತಂಡದ ಸಂದೇಶದಲ್ಲಿ ಆನೆ ಹಿಂಡು ಹತ್ತಿರ ಇದೆ ಎಂದು ಬಂದ ದಿನ ಟೆಂಟ್ ರದ್ದು, ಜನರನ್ನು ಮನೆಯೊಳಗೆ ಮಲಗಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿಗೆ 112, ಎರಡನ್ನೂ ಗೇಟಿನಲ್ಲಿ ಬರೆಸಿ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಈ ರೋಗದ ಕಾಲ ಸುಮಾರು ಡಿಸೆಂಬರಿನಿಂದ ಮೇ. ಕ್ಯಾಂಪಿನ ಸೀಸನ್ನೂ ಅದೇ. ಇದನ್ನು ಹರಡುವ ಉಣ್ಣೆ ಇರುವುದು ದರಗಿನಲ್ಲಿ. ಹಾಗಾಗಿ ಟೆಂಟಿನ ಸುತ್ತಲೂ, ಓಡಾಡುವ ದಾರಿಯಲ್ಲೂ ದರಗು ಗುಡಿಸಿರಬೇಕು. ಕಾಲಿಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಇಟ್ಟಿರಬೇಕು. ಮಂಗ ಸತ್ತದ್ದು ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಇಲಾಖೆ ಸರಿ ಎನ್ನುವ ತನಕ ಆ ಭಾಗದ ಕ್ಯಾಂಪ್ ನಿಲ್ಲಿಸಬೇಕು. ಜ್ವರ ಬರುವುದು ಉಣ್ಣೆ ಕಚ್ಚಿ ಮೂರರಿಂದ ಎಂಟು ದಿನಕ್ಕೆ, ಅಷ್ಟರಲ್ಲಿ ಅತಿಥಿ ಬೆಂಗಳೂರಿನಲ್ಲಿರುತ್ತಾರೆ. ಅಲ್ಲಿನ ಡಾಕ್ಟರಿಗೆ ಮಲೆನಾಡಿನ ತೋಟದಲ್ಲಿ ಮಲಗಿದ್ದ ವಿಷಯ ಹೇಳಿದರೆ ಮಾತ್ರ ಆ ಪರೀಕ್ಷೆ ಮಾಡಿಸುತ್ತಾರೆ. ಹೊರಡುವಾಗ ಇಷ್ಟನ್ನು ಬರೆದ ಒಂದು ಚೀಟಿ ಕೈಗೆ ಕೊಟ್ಟರೆ ಖರ್ಚು ಒಂದು ರೂಪಾಯಿ ಆಗದು.

ಜೂನ್‌ನಿಂದ ಸೆಪ್ಟೆಂಬರ್ ಟೆಂಟೇ ಬೇಡ. 2018 ಮತ್ತು 2019ರಲ್ಲಿ ಕೊಡಗು, ಮೂಡಿಗೆರೆ ಕಡೆ ಗುಡ್ಡ ಹೇಗೆ ಇಳಿಯಿತು ಎಂಬುದು ನಿಮಗೇ ಗೊತ್ತು.

ಚಾರ್ಮಾಡಿ ಮಳೆ:

ಎಲ್ಲರಿಗೂ ಧನ್ಯವಾದ. ಒಂದು ತೊಡಕು ಉಳಿದಿದೆ. 'ಸಣ್ಣದು' ಎಂದರೆ ಎಷ್ಟು? ಟೆಂಟ್ ಎಣಿಸುವುದೋ, ಜನರನ್ನೋ, ದಿನಗಳನ್ನೋ? ಮಿತಿ ಬರೆದ ಕೂಡಲೇ ಅದನ್ನು ದಾಟುವ ಉಪಾಯವೂ ಹುಟ್ಟುತ್ತದೆ.

ಯಾರ್ಕ್‌ಶೈರ್ ಕನ್ನಡಿಗ ಉತ್ತರ:

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗೆ ಒಂದು ಉತ್ತರ ಕಾನೂನಾಗಿಯೇ ಇದೆ, ನೋಡಿ. 2023ರ ಜುಲೈ 26ರಿಂದ ಜಾರಿಯಲ್ಲಿರುವ ನಿಯಮದಂತೆ ರೈತರು ಪ್ಲಾನಿಂಗ್ ಅನುಮತಿಗೆ ಅರ್ಜಿ ಹಾಕದೆಯೇ ಒಂದು ಕ್ಯಾಲೆಂಡರ್ ವರ್ಷದಲ್ಲಿ 60 ದಿನ, ಹೆಚ್ಚೆಂದರೆ 50 ಟೆಂಟ್ ಅಥವಾ ಕ್ಯಾಂಪರ್‌ವ್ಯಾನ್‌ಗೆ ಜಾಗ ಕೊಡಬಹುದು. ಪ್ರತಿ ವರ್ಷ ಶುರು ಮಾಡುವ ಮುನ್ನ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ಸೂಚನೆ ಕೊಡಬೇಕು. ಅದರಲ್ಲಿ ದಿನಾಂಕಗಳು ಇರಬೇಕು, ಜೊತೆಗೆ ಶೌಚಾಲಯ ಎಲ್ಲಿ, ಕಸ ಎಲ್ಲಿಗೆ ಎಂದು ತೋರಿಸುವ ನಕ್ಷೆ ಇರಬೇಕು. ನೆರೆ ಬರುವ ಜಾಗವಾದರೆ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು, ಸಂರಕ್ಷಿತ ವೈಜ್ಞಾನಿಕ ಮಹತ್ವದ ಜಾಗಗಳಲ್ಲಿ ಈ ಸವಲತ್ತೇ ಇಲ್ಲ. 60 ದಿನ ದಾಟಿದರೆ ಪೂರ್ತಿ ಅನುಮತಿಯ ದಾರಿ ಹಿಡಿಯಬೇಕು.

ಐವತ್ತು ಎಂಬ ಅಂಕಿ ಅಲ್ಲಿನ ಹುಲ್ಲುಗಾವಲಿಗೆ ಸರಿ, ಮಲೆನಾಡಿನ ಇಳಿಜಾರಿಗೆ ಅದು ವಿಪರೀತ. ತೆಗೆದುಕೊಳ್ಳಬೇಕಾದ್ದು ಅದರ ಕ್ರಮವನ್ನು: ಪರವಾನಗಿಗಾಗಿ ಕಾಯಿಸುವುದಿಲ್ಲ, ಆದರೆ ದಿನಾಂಕ ಮತ್ತು ನಕ್ಷೆ ಕೊಡದೆ ಶುರು ಮಾಡುವಂತಿಲ್ಲ. ಒಂದು ಹಾಳೆಯ ಸೂಚನೆ ಸಣ್ಣ ರೈತರಿಗೆ ಭಾರವಲ್ಲ. ದೂರು ಬಂದಾಗ ಪಿಡಿಒ ಕೈಯಲ್ಲಿ ಆ ಹಾಳೆ ಇರುತ್ತದೆ. 'ಪಹಣಿ' ಅವರು ಹೇಳಿದ 95ನೇ ಕಲಂ ಪ್ರಶ್ನೆಯನ್ನು ಈ ಸೂಚನೆ ಬಗೆಹರಿಸುವುದಿಲ್ಲ. 'ಇದು ಭೂ ಬಳಕೆಯ ಅನುಮತಿ ಅಲ್ಲ, ನೈರ್ಮಲ್ಯ ಮತ್ತು ಸುರಕ್ಷತೆಯ ಷರತ್ತು ಮಾತ್ರ' ಎಂಬ ಸಾಲನ್ನು ನಮೂನೆಯಲ್ಲೇ ಅಚ್ಚು ಹಾಕಿಸಿ. ಇಲ್ಲದಿದ್ದರೆ ನಾಳೆ ಅದನ್ನೇ ಲೈಸೆನ್ಸ್ ಎಂದು ತೋರಿಸುವವರು ಹುಟ್ಟುತ್ತಾರೆ.

ಏನನ್ನು ಎಣಿಸಬೇಕು? ನನ್ನ ಮಟ್ಟಿಗೆ ತಲೆ ಮತ್ತು ರಾತ್ರಿ. ಟೆಂಟ್ ಎಣಿಸಿದರೆ ಇಬ್ಬರ ಟೆಂಟ್ ಹೋಗಿ ಎಂಟು ಜನರ ಟೆಂಟ್ ಬರುತ್ತದೆ. ಕಕ್ಕಸು, ನೀರು, ಗಲಾಟೆ, ವಾಹನ ಎಲ್ಲವೂ ತಲೆಯ ಲೆಕ್ಕದಲ್ಲೇ ಬೆಳೆಯುತ್ತವೆ. ಒಂದು ರಾತ್ರಿಗೆ 15 ಜನ, ವರ್ಷಕ್ಕೆ 60 ರಾತ್ರಿ ಎಂದು ಆರಂಭಿಸಿ. ಅಕ್ಟೋಬರಿನಿಂದ ಮೇ ತನಕದ ಶನಿವಾರಗಳು ಸುಮಾರು ಮೂವತ್ತೈದು. ಕ್ರಿಸ್‌ಮಸ್, ಸಂಕ್ರಾಂತಿ ರಜೆ ಸೇರಿಸಿದರೂ ಅರವತ್ತರೊಳಗೆ ಆಗುತ್ತದೆ. ಇದಕ್ಕಿಂತ ಹೆಚ್ಚು ಬೇಕೆನ್ನುವವರದು ಪೂರ್ಣಾವಧಿ ವ್ಯಾಪಾರ. ಅವರು ಪರಿವರ್ತನೆ, ಪ್ರವಾಸೋದ್ಯಮ ಇಲಾಖೆ ಎಂದು ದೊಡ್ಡ ದಾರಿಯಲ್ಲೇ ಹೋಗಲಿ.

ಉಪಾಯದ ವಿಷಯ: ಅಣ್ಣತಮ್ಮಂದಿರು ಪಾಲಾಗಿ ಒಂದೇ ತೋಟಕ್ಕೆ ನಾಲ್ಕು ಪಹಣಿ ಇರುತ್ತದೆ. ಪಹಣಿಗೆ 15 ಎಂದು ಬರೆದರೆ ಅಲ್ಲೇ 60 ಜನ ಸೇರುತ್ತಾರೆ. ಅದಕ್ಕೆ ಮಿತಿಯನ್ನು ಪಹಣಿಗೆ ಕಟ್ಟಬೇಡಿ. ಒಂದೇ ಗೇಟು, ಒಂದೇ ಶೌಚಾಲಯ ಅಥವಾ ಒಂದೇ ಅಡುಗೆಮನೆ ಹಂಚಿಕೊಳ್ಳುವ ಜಾಗವೆಲ್ಲ ಸೇರಿ ಒಂದೇ ಕ್ಯಾಂಪ್ ಎಂದು ಬರೆಯಿರಿ. ಲೆಕ್ಕಕ್ಕೆ ಅತಿಥಿ ರಿಜಿಸ್ಟರ್ ಇರಲಿ: ಹೆಸರು, ಫೋನ್, ಗುರುತಿನ ಚೀಟಿ, ವಾಹನದ ನಂಬರು, ಬಂದ ಹೋದ ವೇಳೆ. ವಿದೇಶಿಯರಾದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವರದಿ ಮಾಡುವುದು ಕಾನೂನಿನಲ್ಲೇ ಇದೆ.

ಸ್ಪೀಕರಿಗೆ ಹೊಸ ನಿಯಮ ಬೇಡ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ನಿಷೇಧ ಇದೆ. ಆದರೆ ಕಣಿವೆಯಲ್ಲಿ ಎಂಟು ಗಂಟೆಯ ಸದ್ದೂ ಎದುರು ಗುಡ್ಡಕ್ಕೆ ಬಡಿದು ವಾಪಸು ಬರುತ್ತದೆ. ಬಯಲಿನಲ್ಲಿ ಸ್ಪೀಕರೇ ಬೇಡ ಎನ್ನುವುದನ್ನು ಮಾಲೀಕರೇ ಬುಕಿಂಗ್ ಷರತ್ತಿನಲ್ಲಿ ಹಾಕಿದರೆ ಅರ್ಧ ಜಗಳ ಇರುವುದಿಲ್ಲ.

ಪಹಣಿ:

15 ಜನ, 60 ರಾತ್ರಿ ಎನ್ನುವುದು ಒಳ್ಳೆಯ ಆರಂಭ. ಎರಡು ಸೇರಿಸುತ್ತೇನೆ.

ಕರೆಂಟು: ಪಂಪ್‌ಸೆಟ್‌ನ ಉಚಿತ ಸಂಪರ್ಕದಿಂದ ಟೆಂಟಿಗೆ ವೈರ್ ಎಳೆಯುವುದು ಎಲ್ಲ ಕಡೆ ಕಾಣುತ್ತದೆ. ಮಂಜೂರಾದ ಉದ್ದೇಶ ಬಿಟ್ಟು ಬಳಸಿದರೆ ವಿದ್ಯುತ್ ಕಾಯ್ದೆಯ 126ನೇ ಕಲಂನಡಿ ಎರಡು ಪಟ್ಟು ದರದ ಬಿಲ್ಲು ಬರುತ್ತದೆ. ಎಂದಿನಿಂದ ಬಳಸಿದ್ದು ಎಂದು ಗೊತ್ತಾಗದಿದ್ದರೆ ಹನ್ನೆರಡು ತಿಂಗಳಿಗೆ ಲೆಕ್ಕ ಹಾಕುತ್ತಾರೆ. ಸೋಲಾರ್ ದೀಪ ಸಾಕು. ವೈರ್ ಎಳೆಯಲೇಬೇಕಾದರೆ ಸರಿಯಾದ ಸಂಪರ್ಕ ಪಡೆದು 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್) ಹಾಕಿಸಿ, ಇಬ್ಬನಿಯಲ್ಲಿ ನೆಂದ ನೆಲದಲ್ಲಿ ಬರಿಗಾಲಿನ ಜನ ಓಡಾಡುತ್ತಾರೆ.

ಕಸ: ಪಂಚಾಯ್ತಿಯ ಸ್ವಚ್ಛ ವಾಹಿನಿ ಸೋಮವಾರ ಆ ದಾರಿಗೆ ಬರುವಂತೆ ಸರದಿ ಬದಲಿಸಿ, ಕ್ಯಾಂಪ್ ನಡೆಸುವವರಿಂದ ಅದಕ್ಕೆ ಶುಲ್ಕ ತೆಗೆದುಕೊಳ್ಳಿ. ಭಾನುವಾರದ ಮೂಳೆ, ಬಾಟಲಿ ಗುರುವಾರದ ತನಕ ಕೂತರೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ.